ದಾರಿಯಲ್ಲಿ ತಡೆಯಲ್ಪಟ್ಟ ಕತ್ತಿ

ಧ್ಯಾನಕ್ಕೆ ಆಧಾರ: ಸಮುವೇಲನ ಮೊದಲನೆಯ ಪುಸ್ತಕ, ೨೫ನೆಯ ಅಧ್ಯಾಯ



ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ನಮ್ಮ ಹಿರಿಯರು ಇದನ್ನು ಪಾಠಶಾಲೆಯಲ್ಲಿ ಕಲಿತವರಲ್ಲ, ಊರಿನ ಅನುಭವದಿಂದ ಕಲಿತವರು. ಬದುವಿನ ಒಂದು ಗೇಣು ಮಣ್ಣಿಗಾಗಿ ಎತ್ತಿದ ಗುದ್ದಲಿ, ಕಾಲುವೆಯ ನೀರಿನ ಸರದಿಗಾಗಿ ಆಡಿದ ಮಾತು, ಮದುವೆಯ ಪಂಕ್ತಿಯಲ್ಲಿ ಕಡೆಗಣಿಸಿದರೆಂಬ ಮುನಿಸು, ಇಂಥವುಗಳಿಂದ ಒಂದೇ ತಾಯಿಯ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡದೆ ಮುದುಕರಾದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಗಾದೆಯು ರೋಗವನ್ನು ಸರಿಯಾಗಿ ಹೇಳುವದು. ಆದರೆ ಮದ್ದು ಯಾವದೆಂದು ಹೇಳುವದಿಲ್ಲ. ಆ ಮದ್ದನ್ನು ನಾವು ದೇವರ ವಾಕ್ಯದಲ್ಲಿ ಹುಡುಕಬೇಕು.

ಮೇಲೆ ಹೇಳಿದ ಅಧ್ಯಾಯವನ್ನು ತೆರೆದು ನೋಡಿರಿ. ಸಮುವೇಲನು ಮೃತಿಹೊಂದಿದ ಮೇಲೆ ದಾವೀದನು ತನ್ನ ಜನರ ಸಂಗಡ ಅಡವಿಯಲ್ಲಿ ಅಲೆಯುತ್ತಿದ್ದನು. ಹೆಬ್ರೋನಿಗೆ ದಕ್ಷಿಣದಲ್ಲಿರುವ ಮಾವೋನಿನಲ್ಲಿ ನಾಬಾಲನೆಂಬ ಐಶ್ವರ್ಯವಂತನಿದ್ದನು. ಅವನಿಗೆ ೩,೦೦೦ ಕುರಿಗಳೂ ೧,೦೦೦ ಆಡುಗಳೂ ಇದ್ದವು. ಕರ್ಮೆಲಿನಲ್ಲಿ ಅವನ ಕುರಿಗಳ ಉಣ್ಣೆ ಕತ್ತರಿಸುವ ಕಾಲ ಬಂತು. ಈ ಕರ್ಮೆಲು ಎಲೀಯನು ಬಾಳನ ಪ್ರವಾದಿಗಳನ್ನು ಎದುರಿಸಿದ ಬೆಟ್ಟವಲ್ಲ; ಯೆಹೂದ ಸೀಮೆಯ ಬೇರೊಂದು ಊರು. ನಮಗೆ ಸುಗ್ಗಿಯ ಕಣ ಹೇಗೋ ಆ ಕುರಿಯವರಿಗೆ ಉಣ್ಣೆ ಕತ್ತರಿಸುವ ದಿನಗಳು ಹಾಗೆ. ಕಣಕ್ಕೆ ಬಂದವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ನಮ್ಮ ಒಕ್ಕಲು ಜನರು ಎಣಿಸುವಂತೆ, ಅವರಿಗೂ ಅದು ಕೊಡುವ ಕಾಲವಾಗಿತ್ತು.

ದಾವೀದನ ಜನರು ನಾಬಾಲನ ಕುರುಬರಿಗೆ ಹಗಲಿರುಳು ಕಾವಲಾಗಿದ್ದರು. ಒಂದು ಮರಿಯನ್ನೂ ಮುಟ್ಟಲಿಲ್ಲ. ಹೀಗಿರಲಾಗಿ ದಾವೀದನು ಹತ್ತು ಮಂದಿ ಯೌವನಸ್ಥರನ್ನು ಕಳುಹಿಸಿ, ಕೈಲಾದದ್ದನ್ನು ಕೊಡಬೇಕೆಂದು ವಿನಯದಿಂದ ಕೇಳಿಸಿದನು. ನಾಬಾಲನು ಕೊಡದೆ ಹೋದದ್ದು ಮಾತ್ರವಲ್ಲ, ದಾವೀದನೆಂದರೆ ಯಾರು, ಯಜಮಾನನನ್ನು ಬಿಟ್ಟು ಓಡಿಹೋದ ಆಳುಗಳು ಈಗ ಬಹಳ ಮಂದಿ ಇದ್ದಾರೆಂದು ಹೀಯಾಳಿಸಿ ಕಳುಹಿಸಿದನು. ಈ ಮಾತು ಕಿವಿಗೆ ಬಿದ್ದಕೂಡಲೆ ದಾವೀದನು ಎಲ್ಲರೂ ಕತ್ತಿಗಳನ್ನು ಕಟ್ಟಿಕೊಳ್ಳಬೇಕೆಂದು ಹೇಳಿದನು. ೪೦೦ ಮಂದಿ ಹೊರಟರು. ೨೦೦ ಮಂದಿ ಸಾಮಾನುಗಳ ಬಳಿಯಲ್ಲಿ ಉಳಿದರು. ಬೆಳಗಾಗುವದರೊಳಗೆ ನಾಬಾಲನ ಮನೆಯಲ್ಲಿ ಒಬ್ಬ ಗಂಡಸನ್ನೂ ಉಳಿಸೆನೆಂದು ದಾವೀದನು ಆಣೆಯಿಟ್ಟನು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಂತು ಆಲೋಚಿಸೋಣ. ದಾವೀದನ ಸಿಟ್ಟಿಗೆ ಕಾರಣವಿರಲಿಲ್ಲವೇ? ಇತ್ತು. ಉಪಕಾರಕ್ಕೆ ಅಪಕಾರ ಮಾಡಿದವನು ನಾಬಾಲನೇ. ಆದರೂ ಕಾರಣವಿಲ್ಲದ ಸಿಟ್ಟಿಗಿಂತ ಕಾರಣವುಳ್ಳ ಸಿಟ್ಟೇ ಹೆಚ್ಚು ಅಪಾಯಕರವಾದದ್ದು. ಯಾಕಂದರೆ ಕಾರಣವಿಲ್ಲದೆ ಸಿಟ್ಟಾದವನು ಮರುಗಳಿಗೆಯಲ್ಲಿ ನಾಚಿಕೊಳ್ಳುವನು. ಕಾರಣವುಳ್ಳವನಾದರೋ ನ್ಯಾಯವು ತನ್ನ ಕಡೆ ಇದೆಯೆಂಬ ಧೈರ್ಯದಿಂದ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವದೇ ಇಲ್ಲ.

ಇನ್ನೊಂದು ಸಂಗತಿಯನ್ನೂ ನೋಡಿರಿ. ನಾಬಾಲನ ಆಳುಗಳಲ್ಲಿ ಒಬ್ಬನು ಯಜಮಾನಿಯಾದ ಅಬೀಗೈಲಳ ಬಳಿಗೆ ಓಡಿಹೋಗಿ, ದಾವೀದನ ಜನರು ನಮಗೆ ಗೋಡೆಯಂತಿದ್ದರೆಂದು ಸಾಕ್ಷಿ ಹೇಳಿದನು. ಆ ಮನೆಯಲ್ಲಿ ದಾವೀದನ ಪರವಾಗಿ ಮೊದಲು ಬಾಯಿ ತೆರೆದವನು ಆ ಆಳೇ. ಆದರೆ ದಾವೀದನ ಆಣೆ ನೆರವೇರಿದ್ದರೆ ಬೆಳಗಾಗುವಷ್ಟರಲ್ಲಿ ಅವನೂ ಹೆಣವಾಗಿ ಬಿದ್ದಿರುತ್ತಿದ್ದನು! ಸಿಟ್ಟಿಗೆ ಮಿತ್ರನೂ ಶತ್ರುವೂ ಒಂದೇ. ಅದು ಒಬ್ಬನ ಮಾತಿಗಾಗಿ ಇಡೀ ಮನೆಯನ್ನು ಸುಡಹೊರಡುವದು.

ಇದೇ ದಾವೀದನು ಅದಕ್ಕೆ ಮೊದಲು ಹೇಗಿದ್ದನು? ೨೩ನೆಯ ಅಧ್ಯಾಯದಲ್ಲಿ ಕೆಯೀಲಾ ಎಂಬ ಊರನ್ನು ರಕ್ಷಿಸುವದಕ್ಕೆ ಹೋಗಲೋ ಬೇಡವೋ ಎಂದು ಅವನು ಒಂದು ಸಾರಿಯಲ್ಲ, ಎರಡು ಸಾರಿ ದೇವರನ್ನು ವಿಚಾರಿಸಿದನು. ೨೪ನೆಯ ಅಧ್ಯಾಯದಲ್ಲಿ, ಏನ್ಗೆದಿಯ ಗವಿಯಲ್ಲಿ ತನ್ನ ಪ್ರಾಣವನ್ನೇ ಹುಡುಕುತ್ತಿದ್ದ ಸೌಲನು ಕೈಗೆ ಸಿಕ್ಕಿದಾಗ, ಅವನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿ ಅವನನ್ನು ಉಳಿಸಿದನು. ಆ ಅಂಚನ್ನು ಕತ್ತರಿಸಿದ್ದಕ್ಕೂ ಅವನ ಮನಸ್ಸು ಅವನನ್ನು ಚುಚ್ಚಿತು. ಆದರೆ ೨೫ನೆಯ ಅಧ್ಯಾಯದಲ್ಲಿ ಕತ್ತಿ ಕಟ್ಟಿಕೊಳ್ಳುವದಕ್ಕೆ ಮುಂಚೆ ದೇವರನ್ನು ವಿಚಾರಿಸಿದನೆಂದು ಒಂದು ಮಾತೂ ಇಲ್ಲ. ಅರಸನ ವಿಷಯದಲ್ಲಿ ಎಚ್ಚರವಾಗಿದ್ದವನು ಕುರಿಯವನ ವಿಷಯದಲ್ಲಿ ಮೈಮರೆತನು. ಹುಲಿಯಿಂದ ತಪ್ಪಿಸಿಕೊಂಡವನನ್ನು ಚೇಳು ಕುಟುಕಿತು.

ನಮಗೂ ಹೀಗೆಯೇ ಆಗುವದುಂಟು. ಬರಗಾಲವನ್ನೂ ಸಾವು ನೋವುಗಳನ್ನೂ, ಕ್ರಿಸ್ತನ ನಾಮದ ನಿಮಿತ್ತ ಬಂದ ನಿಂದೆಯನ್ನೂ ಸಹಿಸಿಕೊಂಡವರು, ಪಕ್ಕದ ಮನೆಯವರ ಕೋಳಿ ಹಿತ್ತಲಿಗೆ ಬಂತೆಂದು ಬಾಯಿಗೆ ಬಂದಂತೆ ಬೈಯುವರು. ದೊಡ್ಡ ಶೋಧನೆ ಬಂದಾಗ ಮೊಣಕಾಲೂರುತ್ತೇವೆ. ಚಿಕ್ಕದು ಬಂದಾಗ ಇದಕ್ಕೇನು ಪ್ರಾರ್ಥನೆ ಎಂದುಕೊಳ್ಳುತ್ತೇವೆ. ಸೈತಾನನು ಆ ಚಿಕ್ಕ ಸಂದಿಯಲ್ಲಿಯೇ ನುಗ್ಗುವನು.

ಈಗ ದೇವರು ಮಾಡಿದ್ದನ್ನು ನೋಡಿರಿ. ಆತನು ಆಕಾಶದಿಂದ ಗುಡುಗನ್ನು ಕಳುಹಿಸಲಿಲ್ಲ, ಕತ್ತೆಯ ಮೇಲೆ ಕೂತ ಒಬ್ಬ ಹೆಂಗಸನ್ನು ಕಳುಹಿಸಿದನು. ಅಬೀಗೈಲಳು ತಡಮಾಡದೆ ೨೦೦ ರೊಟ್ಟಿ, ೨ ಬುದ್ದಲಿ ದ್ರಾಕ್ಷಾರಸ, ಅಡಿಗೆಗೆ ಸಿದ್ಧಮಾಡಿದ ೫ ಕುರಿ, ಹುರಿದ ಧಾನ್ಯ, ಒಣಗಿದ ದ್ರಾಕ್ಷೆಯ ೧೦೦ ಗೊಂಚಲು, ೨೦೦ ಅಂಜೂರದ ಉಂಡೆ ಇವುಗಳನ್ನು ಹೇರಿಸಿಕೊಂಡು, ಬೆಟ್ಟದ ಮರೆಯಲ್ಲಿ ಇಳಿದು ಬಂದು ದಾವೀದನಿಗೆ ಎದುರಾದಳು. ನೆಲಕ್ಕೆ ಬಿದ್ದು, ತಪ್ಪು ನನ್ನ ಮೇಲಿರಲಿ ಎಂದಳು. ಬಳಿಕ ಅವಳು ಹೇಳಿದ ಮಾತಿನ ಸಾರವೇನಂದರೆ: ದೇವರು ನಿನ್ನನ್ನು ಅರಸನನ್ನಾಗಿ ಮಾಡುವ ಕಾಲ ಬರುತ್ತದೆ, ಆ ದಿನ ಈ ರಾತ್ರಿಯ ನೆನಪು ನಿನ್ನ ಎದೆಗೆ ಮುಳ್ಳಾಗಬಾರದು, ನಿನ್ನ ವ್ಯಾಜ್ಯವನ್ನು ನಡಿಸುವವನು ದೇವರಿದ್ದಾನೆ.

ಸಿಟ್ಟಿನ ಕಣ್ಣಿಗೆ ಈ ಗಳಿಗೆ ಮಾತ್ರ ಕಾಣುವದು. ವಿಶ್ವಾಸದ ಕಣ್ಣು ದೇವರು ವಾಗ್ದಾನಮಾಡಿದ ನಾಳೆಯನ್ನೂ ಕಾಣುವದು. ಅಬೀಗೈಲಳು ಆ ನಾಳೆಯನ್ನು ದಾವೀದನ ಮುಂದೆ ತಂದಿಟ್ಟಳು. ಕೂಡಲೆ ಅವನು ತಡೆದು ನಿಂತು, ಅವಳನ್ನು ಕಳುಹಿಸಿದ ದೇವರನ್ನು ಸ್ತುತಿಸಿ, ಅವಳ ಬುದ್ಧಿಯನ್ನು ಹೊಗಳಿ, ಸಮಾಧಾನದಿಂದ ಮನೆಗೆ ಹೋಗೆಂದು ಹೇಳಿದನು.

ಅವನ ಹಿಂದೆ ೪೦೦ ಮಂದಿ ಕತ್ತಿ ಕಟ್ಟಿಕೊಂಡು ನಿಂತಿದ್ದರು. ಅಷ್ಟು ಜನರ ಮುಂದೆ ಒಬ್ಬ ಹೆಂಗಸಿನ ಮಾತಿಗೆ ಹಿಂದಿರುಗುವದು ಅವಮಾನವೆಂದು ಅವನು ಎಣಿಸಲಿಲ್ಲ. ಇಟ್ಟ ಆಣೆಯನ್ನೂ ಬಿಟ್ಟುಬಿಟ್ಟನು. ನಮ್ಮ ಊರುಗಳಲ್ಲಿ ಸಿಟ್ಟಿನಲ್ಲಿ ಇಟ್ಟ ಆಣೆಗಳು ಎಷ್ಟಿಲ್ಲ! ಅವನ ಮನೆಯ ಹೊಸಲು ತುಳಿಯೆನು, ಅವಳ ಕೈಯ ನೀರು ಕುಡಿಯೆನು, ನಾನು ಸತ್ತರೂ ಅವನು ನನ್ನ ಮಣ್ಣಿಗೆ ಬರಕೂಡದು ಎಂದು ಹೇಳಿ, ಆಡಿದ ಮಾತಿಗೆ ತಪ್ಪಬಾರದೆಂದು ವರುಷಗಟ್ಟಲೆ ಅದನ್ನು ಕಾಯುತ್ತಾರೆ. ಸಹೋದರರೇ, ಕೆಟ್ಟದ್ದನ್ನು ಮಾಡುವೆನೆಂದು ಇಟ್ಟ ಆಣೆಯನ್ನು ಕಾಯುವದು ಸತ್ಯಸಂಧತೆಯಲ್ಲ. ಅದನ್ನು ಮುರಿದು ದೇವರ ಕ್ಷಮೆಯನ್ನು ಬೇಡುವದೇ ಸತ್ಯಸಂಧತೆ.

ಇದನ್ನು ಬರೆಯುವ ನಾವು ದಡದಲ್ಲಿ ನಿಂತು ಮುಳುಗುವವನಿಗೆ ಬುದ್ಧಿ ಹೇಳುವವರಲ್ಲ. ಕೆಲವು ವರುಷಗಳ ಕೆಳಗೆ ಒಂದು ಸಭೆಯಲ್ಲಿ ಸುಗ್ಗಿಯ ಕಾಣಿಕೆಯಾಗಿ ಬಂದ ರಾಗಿಯ ಲೆಕ್ಕವನ್ನು ನಾವು ಓದಿದೆವು. ಆಗ ಸಭೆಯ ಹಿರಿಯರೊಬ್ಬರು ಎದ್ದು, “ಅಯ್ಯನವರೇ, ಎರಡು ಚೀಲ ಕಡಿಮೆಯಾಗಿ ಕಾಣುತ್ತದಲ್ಲಾ?” ಎಂದು ಕೇಳಿದರು. ಕೇಳಿದ್ದು ಅಷ್ಟೇ. ನಮಗೆ ಮೈಯೆಲ್ಲಾ ಬೆಂಕಿ ಬಿದ್ದಂತಾಯಿತು. ತಂದೆಯ ವಯಸ್ಸಿನವರೆಂಬುದನ್ನು ಮರೆತು ಏಕವಚನದಲ್ಲಿ ಕರೆದು, ಸಭೆಯ ಮುಂದೆ ಆಡಬಾರದ ಮಾತುಗಳನ್ನು ಆಡಿದೆವು. ಅವರ ಹದಿನಾರು ವರುಷದ ಮಗನು ಬಾಗಿಲ ಬಳಿಯಲ್ಲಿ ನಿಂತು ಕೇಳುತ್ತಿದ್ದನು. ಆ ರಾತ್ರಿ ದೀಪದ ಮುಂದೆ ಪುಸ್ತಕವನ್ನು ತಿರುವಿ, ಚೀಲಗಳನ್ನು ಎಣಿಸಿ ನೋಡಿದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ಮೂಲೆಯಲ್ಲಿದ್ದ ಎರಡು ಚೀಲಗಳನ್ನು ಬರೆಯುವದಕ್ಕೆ ನಾವೇ ಮರೆತಿದ್ದೆವು.

ಆಗಲೇ ಎದ್ದು ಹೋಗಬೇಕಾಗಿತ್ತು. ಹೋಗಲಿಲ್ಲ. ಉಪದೇಶಿಯೇ ಹೋಗಿ ತಗ್ಗಿದರೆ ಸಭೆಯಲ್ಲಿ ಮರ್ಯಾದೆ ಉಳಿದೀತೇ ಎಂದು ನಮ್ಮ ಗರ್ವವು ನಮ್ಮನ್ನು ಹಿಡಿದು ನಿಲ್ಲಿಸಿತು. ಕರ್ತನ ರಾತ್ರಿಭೋಜನದ ಭಾನುವಾರ ಬಂತು. ಆ ಹಿರಿಯರು ಪಂಕ್ತಿಗೆ ಬರಲಿಲ್ಲ; ನಾವು ಹೋದೆವು. ಮನೆಗೆ ಬಂದಾಗ ನಮ್ಮ ಮನೆಯವರು, “ಅವರನ್ನು ದೂರ ಮಾಡಿದ ನೀವು ಅಲ್ಲಿ ಹೇಗೆ ಕೈಚಾಚಿದಿರಿ?” ಎಂದು ಮೆಲ್ಲಗೆ ಕೇಳಿದರು. ಆ ದಿನ ನಮಗೆ ಅಬೀಗೈಲಳು ಅವರೇ. ಊಟಮಾಡದೆ ಎದ್ದು ಹೋಗಿ ಆ ಹಿರಿಯರ ಜಗಲಿಯ ಮುಂದೆ ನಿಂತು ತಪ್ಪನ್ನು ಒಪ್ಪಿಕೊಂಡೆವು. ಅವರು ಚಾಪೆ ಹಾಕಿಸಿ, “ಕೂತುಕೊಳ್ಳಿ ಅಯ್ಯನವರೇ. ನಿಮ್ಮ ಮೇಲೆ ಸಂಶಯದಿಂದ ನಾನು ಕೇಳಲಿಲ್ಲ, ನಾಳೆ ಇನ್ನೊಬ್ಬರು ನಿಮ್ಮನ್ನು ಕೇಳಬಾರದೆಂದು ಕೇಳಿದೆ” ಎಂದರು. ನಮ್ಮ ಪರವಾಗಿ ನಿಂತವನನ್ನೇ ನಾವು ಕಡಿದಿದ್ದೆವು. ಮುಂದಿನ ಭಾನುವಾರ, ಎಲ್ಲರ ಮುಂದೆ ಆಡಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಂಡೆವು. ಹಿರಿಯರು ಪಂಕ್ತಿಗೆ ಮರಳಿ ಬಂದರು. ಆದರೆ ಆ ಹುಡುಗನು ಬರಲಿಲ್ಲ. ಅವನು ಕೆಲಸಕ್ಕಾಗಿ ಪಟ್ಟಣ ಸೇರಿದನು. ಇಂದಿನ ವರೆಗೂ ದೇವಾಲಯದ ಮೆಟ್ಟಲು ತುಳಿದಿಲ್ಲ. ಅವನ ಹೆಸರನ್ನು ಹೇಳಿ ನಾವು ಪ್ರಾರ್ಥಿಸದ ದಿನವಿಲ್ಲ.

ಹಾಗಾದರೆ ಗಾದೆಯೇ ಗೆದ್ದಿತೋ? ಕೊಯ್ದ ಮೂಗು ಬಾರದೆಂಬುದೇ ಕೊನೆಯ ಮಾತೋ? ಪ್ರಿಯರೇ, ಇಲ್ಲಿ ನಾವು ಮಾವೋನಿನ ದಾರಿಯನ್ನು ಬಿಟ್ಟು ಗೆತ್ಸೇಮನೆ ತೋಟಕ್ಕೆ ಬರಬೇಕು. ನಮ್ಮ ಕರ್ತನನ್ನು ಹಿಡಿಯಲು ಜನರು ಬಂದ ರಾತ್ರಿ ಪೇತ್ರನು ಕತ್ತಿಯನ್ನು ಹಿರಿದು ಮಹಾಯಾಜಕನ ಆಳಾದ ಮಲ್ಕನ ಬಲಗಿವಿಯನ್ನು ಕತ್ತರಿಸಿದನು. ಅವನ ಸಿಟ್ಟಿಗೂ ಕಾರಣವಿತ್ತು; ಅದು ಕರ್ತನ ಮೇಲಣ ಪ್ರೀತಿಯಿಂದಲೇ ಹುಟ್ಟಿತ್ತು. ಆದರೂ ಕರ್ತನು ಅವನನ್ನು ತಡೆದು, ಆ ಕಿವಿಯನ್ನು ಮುಟ್ಟಿ ವಾಸಿಮಾಡಿದನೆಂದು ಲೂಕನು ಬರೆದಿದ್ದಾನೆ. ಸಂಕೋಲೆ ಬೀಳುವದಕ್ಕೆ ಮೊದಲು ಆ ಕೈಗಳು ಮಾಡಿದ ಕೆಲಸವು ತನ್ನ ಶಿಷ್ಯನ ಸಿಟ್ಟು ಕಡಿದದ್ದನ್ನು ಕೂಡಿಸುವದೇ. ಮರುದಿನ ಅದೇ ಕೈಗಳಿಗೆ ಮೊಳೆಗಳು ಬಿದ್ದವು. ಆತನು ಮೊಳೆ ಹೊಡೆದವರಿಗಾಗಿ ತಂದೆಯನ್ನು ಬೇಡಿಕೊಂಡನು.

ಇದೇ ನಮ್ಮ ನಿರೀಕ್ಷೆ. ಕೊಯ್ದದ್ದನ್ನು ಕೂಡಿಸುವ ಶಕ್ತಿ ನಮ್ಮ ಕೈಯಲ್ಲಿಲ್ಲ, ಗಾಯಗೊಂಡ ಆ ಕೈಗಳಲ್ಲಿ ಉಂಟು. ಸಿಟ್ಟನ್ನು ಹಲ್ಲು ಕಚ್ಚಿ ಅದುಮುವದು ಬೂದಿಯೊಳಗೆ ಕೆಂಡವನ್ನು ಮುಚ್ಚಿಟ್ಟಂತೆಯೇ. ಗಾಳಿ ಬಂದಾಗ ಅದು ಮತ್ತೆ ಉರಿಯುವದು. ದೇವರು ನಮ್ಮ ಎಷ್ಟೋ ಅಪರಾಧಗಳನ್ನು ಕ್ರಿಸ್ತನ ನಿಮಿತ್ತ ಕ್ಷಮಿಸಿದ್ದಾನೆಂದು ನಿಜವಾಗಿ ನಂಬಿದವನ ಎದೆಯಲ್ಲಿ ಪವಿತ್ರಾತ್ಮನು ಆ ಕೆಂಡದ ಮೇಲೆ ನೀರು ಹೊಯ್ಯುವನು.

ಇದು ಪೂರ್ವಕಾಲದವರಿಗೆ ಮಾತ್ರ ಸಾಧ್ಯವಾದದ್ದೆಂದು ಹೇಳಬೇಡಿರಿ. ೧೯೯೯ನೆಯ ಇಸವಿ ಜನವರಿ ತಿಂಗಳಲ್ಲಿ, ಆಗ ಒರಿಸ್ಸಾ ಎಂದು ಕರೆಯುತ್ತಿದ್ದ ಒಡಿಶಾದ ಮನೋಹರಪುರವೆಂಬ ಹಳ್ಳಿಯಲ್ಲಿ, ಕುಷ್ಠರೋಗಿಗಳ ಸೇವೆಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಎಂಬ ಮಿಶನೆರಿಯೂ ಅವರ ಮಕ್ಕಳಾದ ಫಿಲಿಪನೂ ತಿಮೊಥಿಯೂ ತಮ್ಮ ವಾಹನದಲ್ಲಿ ಮಲಗಿದ್ದಾಗ, ಗುಂಪೊಂದು ಬೆಂಕಿಯಿಟ್ಟು ಮೂವರನ್ನೂ ಕೊಂದಿತು. ಪತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಒಂದೇ ರಾತ್ರಿಯಲ್ಲಿ ಕಳಕೊಂಡ ಗ್ಲಾಡಿಸ್ ಸ್ಟೇನ್ಸಮ್ಮನವರು ಕೊಂದವರನ್ನು ತಾನು ಕ್ಷಮಿಸಿದ್ದೇನೆಂದು ಎಲ್ಲರ ಮುಂದೆ ಹೇಳಿದರು. ಕೂಡಲೆ ಊರು ಬಿಟ್ಟು ಹೋಗದೆ, ಉಳಿದ ಒಬ್ಬಳೇ ಮಗಳೊಂದಿಗೆ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನು ಕೆಲವು ವರುಷ ಮುಂದುವರಿಸಿದರು. ನ್ಯಾಯಾಲಯವು ತನ್ನ ಕೆಲಸವನ್ನು ಮಾಡಿ ೨೦೦೩ರಲ್ಲಿ ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಕ್ಷಮಿಸುವದೆಂದರೆ ಅನ್ಯಾಯವನ್ನು ನ್ಯಾಯವೆಂದು ಹೇಳುವದಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಸಹೋದರಿಯು ಬಾಯಿಮುಚ್ಚಿಕೊಂಡಿರಬೇಕೆಂದೂ ಕೂಲಿ ಸಿಕ್ಕದವನು ಕೇಳಬಾರದೆಂದೂ ಸುವಾರ್ತೆಯು ಹೇಳುವದಿಲ್ಲ. ಹಿರಿಯರ ಬಳಿಗೆ ಹೋಗಿರಿ, ಬೇಕಾದರೆ ಪೊಲೀಸರ ಬಳಿಗೂ ನ್ಯಾಯಾಲಯಕ್ಕೂ ಹೋಗಿರಿ. ಆದರೆ ಮುಯ್ಯಿ ತೀರಿಸುವದನ್ನು ದೇವರಿಗೆ ಬಿಟ್ಟು ಹೋಗಿರಿ.

ಸಿಟ್ಟೆಲ್ಲವೂ ಪಾಪವೋ ಎಂದು ಕೆಲವರು ಕೇಳುವರು. ಕೈ ಬತ್ತಿದ ಮನುಷ್ಯನನ್ನು ಸಬ್ಬತ್ ದಿನದಲ್ಲಿ ಸ್ವಸ್ಥಮಾಡಬಾರದೆಂದು ಹೊಂಚುಹಾಕಿದವರನ್ನು ಕರ್ತನು ಕೋಪದಿಂದ ನೋಡಿದನೆಂದು ಮಾರ್ಕನು ಬರೆದಿದ್ದಾನೆ. ಆದರೆ ಆ ಕೋಪದೊಳಗೆ ದುಃಖವೂ ಇತ್ತು. ಅದರ ಬಳಿಕ ಒಂದು ಬತ್ತಿದ ಕೈ ವಾಸಿಯಾಯಿತು. ನಮ್ಮ ಸಿಟ್ಟನ್ನು ಇದೇ ಒರೆಗಲ್ಲಿಗೆ ಉಜ್ಜಿ ನೋಡೋಣ: ಅದರಿಂದ ಯಾರ ಕೈ ವಾಸಿಯಾಯಿತು, ಯಾರ ಕಿವಿ ಹೋಯಿತು?

ಕಡೆಯದಾಗಿ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮೊದಲನೆಯದು, ಚಿಕ್ಕ ಅವಮಾನವನ್ನೂ ಪ್ರಾರ್ಥನೆಗೆ ತನ್ನಿರಿ. ಕತ್ತಿ ಕಟ್ಟಿಕೊಳ್ಳುವ ಮೊದಲು ದೇವರನ್ನು ವಿಚಾರಿಸಿರಿ. ಉತ್ತರ ಕೊಡುವದಕ್ಕೆ ಮುಂಚೆ ಬಾವಿಯ ತನಕ ಹೋಗಿ ಒಂದು ಕೊಡ ನೀರು ಸೇದಿ ತರುವಷ್ಟು ಹೊತ್ತು ತಡೆದರೂ ಎಷ್ಟೋ ಮನೆಗಳು ಉಳಿಯುವವು. ಎರಡನೆಯದು, ದಾರಿಯಲ್ಲಿ ಎದುರಾಗಿ ತಡೆಯುವವರನ್ನು ತಳ್ಳಬೇಡಿರಿ. ಹೆಂಡತಿಯಾಗಲಿ ತಾಯಿಯಾಗಲಿ ಮಗುವಾಗಲಿ ತಡೆದಾಗ, ದೇವರೇ ಕಳುಹಿಸಿದನೆಂದು ಎಣಿಸಿರಿ. ಮೂರನೆಯದು, ಕುಡಿದವನ ಸಂಗಡ ಲೆಕ್ಕವನ್ನೂ ನ್ಯಾಯವನ್ನೂ ಮಾತಾಡಬೇಡಿರಿ. ನಾಬಾಲನು ಆ ರಾತ್ರಿ ಕುಡಿದು ಮತ್ತನಾಗಿದ್ದನು. ಅಬೀಗೈಲಳು ಬೆಳಗಾಗುವ ವರೆಗೆ ಏನೂ ಹೇಳಲಿಲ್ಲ. ನಾಲ್ಕನೆಯದು, ಹೊತ್ತು ಮುಳುಗುವದಕ್ಕೆ ಮೊದಲು ಸಮಾಧಾನಮಾಡಿಕೊಳ್ಳಿರಿ. ನಾವು ತಡಮಾಡಿದೆವು, ಆ ತಡದಲ್ಲಿ ಒಬ್ಬ ಹುಡುಗನು ನಮ್ಮ ಕೈ ತಪ್ಪಿಹೋದನು. ಬರುವ ರಾತ್ರಿಭೋಜನದ ಭಾನುವಾರಕ್ಕೆ ಮುಂಚೆ ನಿಮ್ಮಲ್ಲಿ ಯಾರಾದರೂ ಒಬ್ಬರ ಜಗಲಿಯ ಮುಂದೆ ಹೋಗಿ ನಿಲ್ಲಬೇಕಾಗಿದ್ದರೆ ಇಂದೇ ಹೋಗಿರಿ.

ಪ್ರಾರ್ಥಿಸೋಣ. ಕರ್ತನಾದ ಯೇಸುವೇ, ನಮ್ಮ ನಾಲಿಗೆಯೂ ನಮ್ಮ ಕೈಗಳೂ ಕಡಿದದ್ದನ್ನು ನೀನು ಬಲ್ಲೆ. ನಿನ್ನ ರಕ್ತದಿಂದ ನಮ್ಮನ್ನು ತೊಳೆ. ನಾವು ಕೂಡಿಸಲಾರದ್ದನ್ನು ನೀನೇ ಮುಟ್ಟಿ ಕೂಡಿಸು. ನಮ್ಮಿಂದ ನೊಂದು ದೂರಹೋದವರನ್ನು ನೀನೇ ಹುಡುಕಿ ಕರೆದುಕೊಂಡು ಬಾ. ನಾಳೆ ನಾವು ಸಿಟ್ಟಿನಿಂದ ಹೊರಡುವಾಗ ದಾರಿಯಲ್ಲಿ ನಮಗೆ ಎದುರಾಗಿ ನಿಂತು ನಮ್ಮನ್ನು ತಡೆ. ಆಮೆನ್.